ಕಿವಿ ನೋಡದೆ ಡ್ರಾಪ್ಸ್ ಬರೆಯುವುದಿಲ್ಲ

ಮಳೆಗಾಲ ಶುರುವಾದರೆ ಶಿವಮೊಗ್ಗದ ನಮ್ಮ ಕ್ಲಿನಿಕ್ಕಿಗೆ ನಾಯಿಯ ಕಿವಿಯ ಬಗ್ಗೆಯೇ ಫೋನು. "ಸಾರ್, ಹೋದ ವರ್ಷ ಕೊಟ್ಟಿದ್ರಲ್ಲ, ಆ ಡ್ರಾಪ್ಸ್ ಇನ್ನೂ ಅರ್ಧ ಬಾಟ್ಲಿ ಇದೆ, ಅದನ್ನೇ ಹಾಕ್ಲಾ?" ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್‌ಗಳಂಥ ಜೋಲುಕಿವಿಯವುಗಳಿಗೆ ಈ ತೇವದಲ್ಲಿ ಯೀಸ್ಟ್ ಹತ್ತುವುದು ಮಾಮೂಲಿ, ಕೇಳುವವರ ತಪ್ಪೇನಿಲ್ಲ. ಆದರೂ ನನ್ನ ಉತ್ತರ ಒಂದೇ: ಹಾಕಬೇಡಿ, ಕರ್ಕೊಂಡು ಬನ್ನಿ. ಫೀಸಿಗಾಗಿ ಹೀಗಂತಾನೆ ಎಂದು ಕೆಲವರಿಗೆ ಅನ್ನಿಸುತ್ತದೆ. ಅನ್ನಿಸಲಿ.

ನಾಯಿಯ ಕಿವಿನಾಳ ನಮ್ಮ ಹಾಗೆ ನೇರವಾಗಿಲ್ಲ. ಮೊದಲು ಕೆಳಕ್ಕಿಳಿದು ಆಮೇಲೆ ತಲೆಯ ಒಳಕ್ಕೆ ಅಡ್ಡ ತಿರುಗುತ್ತದೆ. ಆ ತಿರುವಿನ ಆಚೆ ಇರುವ ಕಿವಿತಮಟೆ, ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಆಟೋಸ್ಕೋಪ್ ಇಲ್ಲದೆ ಕಾಣುವುದೇ ಇಲ್ಲ. ಆರೋಗ್ಯವಾಗಿದ್ದಾಗ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ, ಬೆಳಕು ಹಾಯುವಂತೆ ಇರುತ್ತದೆ. ತಿಂಗಳುಗಟ್ಟಲೆ ಕೀವು ಕೂತ ಕಿವಿಯಲ್ಲಿ ಅದು ತೂತಾಗಿರಬಹುದು. ಆಗ ಮೇಲೆ ಹಾಕಿದ ಔಷಧ ನಡುಕಿವಿಗೆ ಇಳಿದು, ಅಲ್ಲಿಂದ ಒಂದು ಸಣ್ಣ ಕಿಟಕಿಯ ಪೊರೆ ದಾಟಿ ಒಳಕಿವಿಗೆ ಸೇರುವ ದಾರಿ ತೆರೆದುಕೊಳ್ಳುತ್ತದೆ.

ಕಿವಿಗೆ ಬಳಸುವ ಆಂಟಿಬಯಾಟಿಕ್‌ಗಳಾದ ಜೆಂಟಾಮೈಸಿನ್, ನಿಯೋಮೈಸಿನ್, ಅಮಿಕಾಸಿನ್ ಒಂದೇ ಕುಲದವು. ಈ ಕುಲದ ಹಿರಿಯ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿತು. ಕ್ಷಯರೋಗಿಗಳಿಗೆ ಚುಚ್ಚಲು ಶುರುಮಾಡಿದ ಕೆಲವೇ ವರ್ಷಗಳಲ್ಲಿ ತಲೆಸುತ್ತು, ಕಿವುಡು ಕಾಣಿಸಿಕೊಂಡವು. ಒಳಕಿವಿಯಲ್ಲಿ ಶಬ್ದ ಹಿಡಿಯುವ, ದೇಹದ ಸಮತೋಲ ಕಾಯುವ, ಕೂದಲಿನಂಥ ಎಳೆಗಳಿರುವ ಜೀವಕೋಶಗಳನ್ನು ಇವು ಕೊಲ್ಲುತ್ತವೆ. ಕೋಳಿಗೆ ಆ ಕೋಶಗಳು ಮತ್ತೆ ಹುಟ್ಟುತ್ತವೆ. ನಾಯಿಗೂ ನಮಗೂ ಆ ಭಾಗ್ಯವಿಲ್ಲ. ಆಂಟಿಬಯಾಟಿಕ್ ಒಂದೇ ಅಲ್ಲ, ಕಿವಿ ತೊಳೆಯುವ ದ್ರವಗಳಲ್ಲಿರುವ ಕ್ಲೋರ್‌ಹೆಕ್ಸಿಡಿನ್, ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಕೂಡ ನಡುಕಿವಿಗೆ ಹೋಗಬಾರದ ವಸ್ತುಗಳೇ.

ಹಾಗಂತ ಹಾಕಿದ ಕೂಡಲೇ ಕಿವುಡಾಗುತ್ತದೆ ಎಂದು ಹೆದರಿಸುವುದೂ ಸರಿಯಲ್ಲ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇಕೆಂದೇ ಕಿವಿತಮಟೆ ತೂತು ಮಾಡಿದ ನಾಯಿಗಳಿಗೆ ಜೆಂಟಾಮೈಸಿನ್ ಡ್ರಾಪ್ಸ್ ಹಾಕಿದರೂ ಶ್ರವಣದಲ್ಲಿ ಹಾನಿ ಕಾಣಲಿಲ್ಲ. ಆದರೆ ಅವು ಆರೋಗ್ಯವಂತ ಕಿವಿಗಳು. ನನ್ನ ಮೇಜಿನ ಮೇಲೆ ಬರುವುದು ಊದಿಕೊಂಡು, ಕೊಳೆತು ನಾರುವ ಕಿವಿ. ಯಾವ ನಾಯಿಗೆ ಏನೂ ಆಗುವುದಿಲ್ಲ, ಯಾವುದಕ್ಕೆ ಆಗುತ್ತದೆ ಎಂದು ಮೊದಲೇ ಹೇಳುವ ದಾರಿ ನನ್ನ ಬಳಿ ಇಲ್ಲ.

ಒಂದು ವಯಸ್ಸಾದ ಕಾಕರ್ ನೆನಪಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ, ಮನುಷ್ಯರಿಗೆ ಕೊಡುವ ಡ್ರಾಪ್ಸನ್ನು ಮನೆಯವರು ವಾರಗಟ್ಟಲೆ ಹಾಕಿದ್ದರು. ಬಂದಾಗ ತಲೆ ಎಡಕ್ಕೆ ವಾಲಿತ್ತು, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿತ್ತು, ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆಗೆ ಒರಗುತ್ತಿತ್ತು. ಅವರು ಹೇಳಿದ ಒಂದು ಮಾತು ನನಗೆ ಸಾಕಾಯಿತು: "ಔಷಧ ಹಾಕಿದ ತಕ್ಷಣ ಏನೋ ನುಂಗೋ ಥರ ಮಾಡ್ತಾನೆ ಡಾಕ್ಟ್ರೇ, ಕೆಮ್ಮುತ್ತಾನೆ." ನಡುಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ; ಕಿವಿಗೆ ಹಾಕಿದ್ದು ಗಂಟಲಿಗೆ ಬರುತ್ತಿದೆ ಎಂದರೆ ನಡುವೆ ಇರಬೇಕಾದ ಕಿವಿತಮಟೆ ಉಳಿದಿಲ್ಲ. ಡ್ರಾಪ್ಸ್ ನಿಲ್ಲಿಸಿದೆವು, ಅನಸ್ತೀಸಿಯಾ ಕೊಟ್ಟು ಬೆಚ್ಚಗಿನ ಸಲೈನ್‌ನಲ್ಲಿ ಮಾತ್ರ ತೊಳೆದೆವು. ಓಲಾಟ ಹೋಯಿತು, ತಲೆಯ ವಾಲು ಸ್ವಲ್ಪ ಉಳಿಯಿತು. ಇದರಲ್ಲಿ ಡ್ರಾಪ್ಸಿನ ಪಾಲೆಷ್ಟು, ಸೋಂಕಿನ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

ಈಗ ಊತ ಜಾಸ್ತಿಯಿದ್ದು ಕಿವಿತಮಟೆ ಕಾಣದಿದ್ದರೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಊತ ಇಳಿಸಿ, ಮತ್ತೆ ನೋಡುತ್ತೇನೆ. ಅಲ್ಲಿಯವರೆಗೆ ಪೊರೆ ಹರಿದಿದೆ ಎಂದೇ ಲೆಕ್ಕ. ಏನಾದರೂ ಹಾಕಲೇಬೇಕಾದರೆ ಒಳಕಿವಿಗೆ ಅಪಾಯ ಕಡಿಮೆಯಿರುವ ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧ.

"ನಾಯಿಗೆ ಕಿವಿ ಕೇಳ್ತಿಲ್ಲ" ಎಂದು ಬರುವವರಲ್ಲಿ ಎಲ್ಲರದ್ದೂ ಔಷಧದ ಕಥೆಯಲ್ಲ. ಗುಗ್ಗೆ, ಕೀವು, ಊತ ದಾರಿ ಮುಚ್ಚಿದರೂ ಕೇಳುವುದಿಲ್ಲ. ಅದು ತೆರೆದ ಮೇಲೆ ಸಾಮಾನ್ಯವಾಗಿ ಕೇಳುತ್ತದೆ. ವಯಸ್ಸೂ ಒಂದು ಕಾರಣ. ಮನೆಯಲ್ಲಿ ಪರೀಕ್ಷಿಸುವವರು ಮುಖದ ಹತ್ತಿರ ಚಪ್ಪಾಳೆ ತಟ್ಟುತ್ತಾರೆ, ನಾಯಿ ಗಾಳಿಯ ಅಲುಗಾಟಕ್ಕೇ ತಿರುಗುತ್ತದೆ. ನಿದ್ದೆಯಲ್ಲಿದ್ದಾಗ ಪಕ್ಕದ ಕೋಣೆಯಿಂದ ಬೀಗದ ಕೈ ಅಲ್ಲಾಡಿಸಿ ನೋಡಿ. ಒಂದೇ ಕಿವಿ ಹೋಗಿದ್ದರೆ ಇದರಲ್ಲೂ ಗೊತ್ತಾಗುವುದಿಲ್ಲ. ಮಿದುಳಿಗೆ ಶಬ್ದ ತಲುಪುತ್ತಿದೆಯೇ ಎಂದು ಅಳೆಯುವ ಬೇರ್ (BAER) ಎಂಬ ಟೆಸ್ಟೇ ಬೇಕು.

ಡ್ರಾಪ್ಸ್ ಹಾಕುತ್ತಿರುವಾಗ ತಲೆ ವಾಲಿದರೆ, ಓಲಾಡಿದರೆ, ಕರೆದರೆ ತಿರುಗದಿದ್ದರೆ ಮುಂದಿನ ಹನಿ ಬೇಡ, ಮನೆಯಲ್ಲಿ ತೊಳೆಯುವುದೂ ಬೇಡ. ಬರುವಾಗ ಇಷ್ಟು ದಿನ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಕವರಿನಲ್ಲಿ ತನ್ನಿ. ಲೇಬಲ್ ನಾನೇ ಓದಿಕೊಳ್ಳುತ್ತೇನೆ.