ಮೂರನೇ ಬಸಣ್ಣ

ಜುಲೈ ತಿಂಗಳ ಒಂದು ಭಾನುವಾರದ ಮಾತು. ಧಾರವಾಡದಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ವಾರವೆಲ್ಲ ಚಿಗರಿ ಬಸ್ಸಿನಲ್ಲಿ ನಿಂತು ಹುಬ್ಬಳ್ಳಿಗೆ ಹೋಗಿ ಬರುವವನಿಗೆ ಭಾನುವಾರ ಮಳೆ ಹಿಡಿದರೆ ಅದೊಂದು ಪುಣ್ಯ. ಸಂತೆಗೆ ಹೋಗು, ಅವರ ಮನೆಗೆ ಹೋಗಿ ಬಾ ಅಂತ ಯಾರೂ ಹೇಳುವುದಿಲ್ಲ. ಅವಲಕ್ಕಿ ತಿಂದು, ಚಹಾ ಕುಡಿದು, ಲ್ಯಾಪ್‌ಟಾಪ್ ತೆರೆದು ಕೂತೆ. ಏನೇ ಆಗಲಿ, ಇವತ್ತು ಬಸಣ್ಣನನ್ನು ದಡ ಮುಟ್ಟಿಸಲೇಬೇಕು ಅಂತ ಹಟ ತೊಟ್ಟಿದ್ದೆ.

ಬಸಣ್ಣ ಇರುವುದು ‘ದಿ ಸಿಮ್ಸ್ 4’ ಅನ್ನುವ ಆಟದೊಳಗೆ. ಆಟ ಬಂದದ್ದು 2014ರಲ್ಲಿ. 2022ರ ಅಕ್ಟೋಬರ್‌ನಿಂದ ಮೂಲ ಆಟಕ್ಕೆ ದುಡ್ಡು ಕೊಡಬೇಕಿಲ್ಲ. ಗದಗಿನಲ್ಲಿರುವ ಅಕ್ಕನ ಮಗಳು ಬೇಸಿಗೆ ರಜೆಗೆ ಬಂದಾಗ ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದಳು. ರಜೆ ಮುಗಿದ ಮೇಲೆ ಅವಳು ಊರಿಗೆ ಹೋದಳು, ಆಟ ನನ್ನ ಕೊರಳಿಗೆ ಬಿತ್ತು.

ಇದರಲ್ಲಿ ಗೆಲ್ಲುವುದು ಸೋಲುವುದು ಅಂತೇನೂ ಇಲ್ಲ. ಒಬ್ಬ ಮನುಷ್ಯನನ್ನು ಮಾಡಿ, ಮನೆ ಕಟ್ಟಿಕೊಟ್ಟು, ಉಣ್ಣಿಸಿ, ಮಲಗಿಸಿ, ಬದುಕಿಸಬೇಕು. ಆದರೆ ಅವನಿಗೊಂದು ಜೀವನದ ಗುರಿ ಆರಿಸಿ ಕೊಡಬೇಕಾಗುತ್ತದೆ. ದೊಡ್ಡ ಲೇಖಕನಾಗುವುದು, ಶ್ರೀಮಂತನಾಗುವುದು, ಮೊಮ್ಮಕ್ಕಳನ್ನು ಕಾಣುವುದು, ಹೀಗೆ. ನಾನು ಆರಿಸಿದ್ದು ‘ಫ್ರೀಲ್ಯಾನ್ಸ್ ಬಾಟನಿಸ್ಟ್’. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಗಿಡದ ಹುಚ್ಚಿನವನು. ಗುರಿಗೆ ನಾಲ್ಕು ಮೆಟ್ಟಿಲು. ಮೇಲೆ ಹೋದ ಹಾಗೆ ಗಿಡದ ಗುಣಮಟ್ಟವೂ ಬೇಕು, ಕೈಯ ಪಳಗೂ ಬೇಕು.

ಕೇಳಲಿಕ್ಕೆ ಸುಲಭ. ಆದರೆ ಅಲ್ಲಿಯ ಆಯುಷ್ಯದ ಲೆಕ್ಕ ನೋಡಿ. ನಮ್ಮ ಒಂದು ಸೆಕೆಂಡು ಅಲ್ಲಿ ಒಂದು ನಿಮಿಷ. ಅಂದರೆ ಅವರ ಇಡೀ ದಿನ ನಮ್ಮ 24 ನಿಮಿಷದಲ್ಲಿ ಮುಗಿಯುತ್ತದೆ. ಸಾಮಾನ್ಯ ಆಯುಷ್ಯದಲ್ಲಿ ಯೌವನ 24 ದಿನ, ನಡುವಯಸ್ಸು 24 ದಿನ. ಆಮೇಲೆ ಮುಪ್ಪು, ಕೋಲು, ಕಡೆಗೆ ಕರಿ ನಿಲುವಂಗಿಯ ಯಮ. ಅಂತೂ ಕೈಯಲ್ಲಿರುವುದು 48 ದಿನ, ನಮ್ಮ ಗಡಿಯಾರದಲ್ಲಿ ಹತ್ತೊಂಬತ್ತು ತಾಸಿನ ಆಸುಪಾಸು. ಅದರಲ್ಲೇ ನಿದ್ದೆ, ಸ್ನಾನ, ಕಕ್ಕಸು, ಬಾಗಿಲಿಗೆ ಬಂದ ನೆರೆಯವರ ಜೊತೆ ಮಾತು, ಎಲ್ಲ ಆಗಬೇಕು.

ಮೊದಲನೇ ಬಸಣ್ಣನನ್ನು ನಾನು ಎಲ್ಲ ಮಾಡಿಸಲಿಕ್ಕೆ ಹೋಗಿ ಕೆಡಿಸಿದೆ. ನೌಕರಿ ಕೊಡಿಸಿದೆ, ಗಿಟಾರ್ ಕೊಡಿಸಿದೆ, ಚಿತ್ರ ಬರೆಸಿದೆ, ಮದುವೆ ಮಾಡಿದೆ. ಅದಕ್ಕಿಂತ ಪೆದ್ದು ಕೆಲಸ ಇನ್ನೊಂದಿತ್ತು. ಶುರುವಿನಲ್ಲಿ ಅವನಿಗೆ ಶ್ರೀಮಂತನಾಗುವ ಗುರಿ ಹಚ್ಚಿಟ್ಟು, ತೋಟದ ಕೆಲಸ ಸುಮ್ನೆ ಮಾಡಿಸುತ್ತಾ ಹೋದೆ. ಗುರಿ ಆಮೇಲೆ ಬದಲಿಸಿದರಾಯಿತು, ಮಾಡಿದ ಕೆಲಸ ಎಲ್ಲಿ ಹೋಗುತ್ತದೆ ಅಂತ. ಬದಲಿಸುವುದಕ್ಕೆ ಆಟದ ತಕರಾರಿಲ್ಲ, ಹತ್ತಿದ ಮೆಟ್ಟಿಲನ್ನೂ ಅದು ಕಿತ್ತುಕೊಳ್ಳುವುದಿಲ್ಲ. ಕಲಿತ ವಿದ್ಯೆಯ ಮಟ್ಟ, ಕೂಡಿಟ್ಟ ಹಣ ಇಂಥವು ಲೆಕ್ಕಕ್ಕೆ ಬರುತ್ತವೆ. ಆದರೆ ‘ಈ ಕೆಲಸ ಇಷ್ಟು ಸಲ ಮಾಡು’ ಅನ್ನುವಂಥವು ಸಾಮಾನ್ಯವಾಗಿ ಆ ಗುರಿ ಹಚ್ಚಿದ ಮೇಲೆ ಮಾಡಿದರೆ ಮಾತ್ರ ಎಣಿಕೆಗೆ ಸಿಗುತ್ತವೆ. ಬೇರೆಯವರ ಹೊಲದಲ್ಲಿ ದುಡಿದು ನಮ್ಮ ಹೊಲ ಹಸನಾಗಲಿಲ್ಲ ಅಂತ ಅತ್ತ ಹಾಗಾಯಿತು ನನ್ನ ಕತೆ.

ಅವನಿಗೆ ಯೌವನದ ಔಷಧ ಬೇರೆ ಕುಡಿಸಿದ್ದೆ. ಸಣ್ಣಪುಟ್ಟ ಆಸೆ ತೀರಿಸಿದರೆ, ಮೆಟ್ಟಿಲು ಹತ್ತಿದರೆ ಅಂಕ ಸಿಗುತ್ತವೆ. 1500 ಅಂಕ ಕೊಟ್ಟರೆ ಆ ಔಷಧ. ಆಸೆಬುರುಕನ ಹಾಗೆ ಅಂಕ ಕೂಡಿದ ದಿನವೇ ಕುಡಿಸಿಬಿಟ್ಟೆ. ಅವನು ನಡುವಯಸ್ಸಿಗೆ ಕಾಲಿಟ್ಟು ಆಗ ಎರಡೇ ದಿನವಾಗಿತ್ತು. ಔಷಧ ಯೌವನಕ್ಕೇನೂ ಕರೆದೊಯ್ಯುವುದಿಲ್ಲ. ಈಗಿನ ಘಟ್ಟದ ಮೊದಲ ದಿನಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ. 1500 ಅಂಕ ಸುರಿದು ನಾನು ಗಳಿಸಿದ್ದು ಎರಡು ದಿನ. ಅದನ್ನು ಕುಡಿಸಬೇಕಾದದ್ದು ಮುಪ್ಪು ಬರುವ ಹಿಂದಿನ ದಿನ. ಆಗ 24 ದಿನ ಪೂರ್ತಿ ಕೈಗೆ ಸಿಗುತ್ತಿತ್ತು. ಈ ಮಾತು ಹೇಳಿ ಅಕ್ಕನ ಮಗಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು.

ಎರಡನೇ ಬಸಣ್ಣನ ಕತೆ ನಾನು ಯಾರಿಗೂ ಹೇಳುವುದಿಲ್ಲ. ಆದರೂ ಹೇಳುತ್ತೇನೆ. ಆಟದಲ್ಲಿ ಹಸುವಿನ ತಲೆಯ ಒಂದು ಗಿಡವಿದೆ, ಕೌಪ್ಲಾಂಟ್. ಸ್ಟ್ರಾಬೆರಿಗೆ ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಕಸಿ ಕಟ್ಟಿದರೆ ಡ್ರ್ಯಾಗನ್ ಹಣ್ಣು ಬರುತ್ತದೆ. ಆ ಹಣ್ಣಿನ ಗಿಡ ಮತ್ತೆ ಸ್ನ್ಯಾಪ್‌ಡ್ರ್ಯಾಗನ್ ಜೊತೆ ಕೂಡಿದರೆ ಈ ಹಸು. ನನ್ನ ಗುರಿಗೂ ಅದಕ್ಕೂ ಏನು ಸಂಬಂಧ ಅಂತ ಯೋಚಿಸಲೇ ಇಲ್ಲ, ಚೆಂದ ಕಂಡಿತು, ಬೆಳೆಸಿದೆ. ಹೊತ್ತಿಗೆ ಸರಿಯಾಗಿ ಮೇವು ಹಾಕದಿದ್ದರೆ ಅದು ನಾಲಗೆ ಮೇಲೆ ಕೇಕ್ ಇಟ್ಟುಕೊಂಡು ಕಾಯುತ್ತದೆ. ಹಸಿದವನು ಕೇಕಿಗೆ ಕೈ ಹಾಕಿದರೆ ನುಂಗಿ ಉಗುಳುತ್ತದೆ. ಆ ಸುಸ್ತು ಆರುವ ಮೊದಲೇ ಇನ್ನೊಮ್ಮೆ ನುಂಗಿತೋ, ಮುಗಿಯಿತು. ನಾನು ಆಟವನ್ನು ಜೋರಾಗಿ ಓಡಲು ಬಿಟ್ಟು ಮಿರ್ಚಿ ತಿನ್ನಲು ಅಡುಗೆಮನೆಗೆ ಹೋಗಿದ್ದೆ. ಬಂದು ನೋಡಿದರೆ ಅಂಗಳದಲ್ಲಿ ಸಮಾಧಿ.

ಹಾಗಾಗಿ ಇದು ಮೂರನೇ ಬಸಣ್ಣ. ಈ ಸಲ ನೌಕರಿ ಇಲ್ಲ, ಮದುವೆ ಇಲ್ಲ, ಗಿಟಾರ್ ಇಲ್ಲ. ಮೊದಲ ದಿನವೇ ಗುರಿ ಹಚ್ಚಿದೆ. ಮನೆ ಅಂದರೆ ಒಂದೇ ಕೋಣೆ. ಸಿಮೋಲಿಯನ್ ಅಂದರೆ ಅಲ್ಲಿಯ ದುಡ್ಡು; ಕೈಯಲ್ಲಿದ್ದ 20,000 ಸಿಮೋಲಿಯನ್‌ನಲ್ಲಿ ಗೋಡೆಯ ಅಂದಕ್ಕೆ ಒಂದು ಕಾಸು ಹಾಕಲಿಲ್ಲ. ಒಳ್ಳೆಯ ಹಾಸಿಗೆ ತಂದೆ, ಯಾಕಂದರೆ ಒಳ್ಳೆಯ ಹಾಸಿಗೆಯಲ್ಲಿ ನಿದ್ದೆ ಬೇಗ ತುಂಬುತ್ತದೆ. ಬಾಗಿಲು ತೆರೆದರೆ ಎದುರಿಗೇ ತೋಟ. ಹಿಂದಿನ ಇಬ್ಬರು ಬಸಣ್ಣರು ದೊಡ್ಡ ಮನೆಯಲ್ಲಿ ಹಾಸಿಗೆಯಿಂದ ಹಿತ್ತಲಿಗೆ, ಹಿತ್ತಲಿಂದ ಫ್ರಿಜ್ಜಿಗೆ ನಡೆದೇ ಅರ್ಧ ದಿನ ಕಳೆದಿದ್ದರು. ತೋಟದ ಪಕ್ಕ ಒಂದು ಚದುರಂಗದ ಮೇಜು. ಅದರ ಮುಂದೆ ಕೂತು ಯೋಚಿಸಿದರೆ ಅವನ ಮನಸ್ಸು ಒಂದೆಡೆ ನಿಲ್ಲುತ್ತದೆ, ಆ ಮನಸ್ಥಿತಿಯಲ್ಲಿ ಗಿಡದ ಕೆಲಸ ಮಾಡಿದರೆ ವಿದ್ಯೆ ಬೇಗ ಹತ್ತುತ್ತದೆ. ಏಳುವುದು, ಉಣ್ಣುವುದು, ಚದುರಂಗ, ತೋಟ. ಇಷ್ಟೇ. ಅಂಕ ಕೊಟ್ಟು ‘ಉಕ್ಕಿನ ಮೂತ್ರಕೋಶ’ ಅನ್ನುವ ವರ ಕೂಡ ಪಡೆಯಬಹುದು, ಪದೇ ಪದೇ ಕಕ್ಕಸಿಗೆ ಓಡುವುದು ತಪ್ಪುತ್ತದೆ. ಆಟ ಮಾಡಿದವರು ದೊಡ್ಡ ಕಸುಬುದಾರರು, ಎಲ್ಲಿ ಹೊತ್ತು ಸೋರುತ್ತದೆ ಅಂತ ಸರಿಯಾಗಿ ಕಂಡುಕೊಂಡಿದ್ದಾರೆ.

ಹತ್ತು ಗಂಟೆಯ ಹೊತ್ತಿಗೆ ಅಪ್ಪ ಹಿತ್ತಲಿಂದ ಬಂದು ನನ್ನ ಬೆನ್ನ ಹಿಂದೆ ನಿಂತರು. ಕೆಲಗೇರಿ ಕಡೆ ನಮ್ಮದು ಎರಡು ಎಕರೆ ಆಪೂಸ್ ತೋಟ. ಈಗ ಅದನ್ನು ಲಾವಣಿಗೆ ಕೊಟ್ಟಿದ್ದೇವೆ, ಅಪ್ಪನ ಕೈ ಮಾತ್ರ ಸುಮ್ಮನಿರುವುದಿಲ್ಲ. ಮಳೆ ಹಿಡಿಯಿತೆಂದರೆ ಹಿತ್ತಲಲ್ಲಿ ಮಾವಿನ ಕಸಿ ಕಟ್ಟುತ್ತಾ ಕೂಡುತ್ತಾರೆ.

“ಯಾಂವ ಅಂವ?”

“ಬಸಣ್ಣ. ಕಸಿ ಕಟ್ಟಾಕತ್ತಾನ.”

“ಯಾವುದಕ್ಕ ಯಾವುದರದು?”

ಸ್ಟ್ರಾಬೆರಿಗೆ ಹೂವಿನ ಗಿಡದ್ದು ಅಂದೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಬಾಳಿಗಿಡಕ್ಕ ಮಾವಿನ ಕಡ್ಡಿ ಕಟ್ಟಿಧಂಗಾತಲ್ಲೋ ಇದು. ಹಿಡಿತೈತಿ?”

“ಆಟದಾಗ ಹಿಡಿತೈತಿ.”

“ಮತ್ತ ನಾ ಯಾಕ ಮಳ್ಯಾಗ ತೊಯ್ಸಿಕೊಂಡು ಸಾಯಾಕತ್ತೇನಿ?”

ಆದರೂ ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಮದುವೆ ಆಗಿದೆಯೋ ಇಲ್ಲವೋ ಅಂತ ಕೇಳಿದರು. ಇಲ್ಲ ಅಂದದ್ದಕ್ಕೆ ನನ್ನನ್ನೂ ಬಸಣ್ಣನನ್ನೂ ಒಮ್ಮೆ ನೋಡಿದರು. ನಾನು ಆ ವಿಷಯ ಬೆಳೆಸಲಿಲ್ಲ.

ಹನ್ನೊಂದೂವರೆಗೆ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ತಂತಿಯಲ್ಲಿ ಜೀವ ಇದ್ದರಷ್ಟೇ ಅದಕ್ಕೂ ಜೀವ. ಈ ಆಟವೋ, ನಾವಾಗಿ ಉಳಿಸಿಡದೆ ತಾನಾಗಿ ಉಳಿಸಿಡುವುದಿಲ್ಲ. ಬೆಳಿಗ್ಗೆ ಕೂತಾಗಿನಿಂದ ಒಮ್ಮೆಯೂ ಉಳಿಸಿರಲಿಲ್ಲ. ನಿದ್ದೆಯ ಹೊತ್ತೆಲ್ಲ ಓಡಿಸಿ ದಾಟಿದ ಐದು ದಿನ, ಮೂರನೇ ಮೆಟ್ಟಿಲು, ಎರಡು ಕಸಿ, ಎಲ್ಲ ನೀರಿನಲ್ಲಿ ಹೋಯಿತು. ಕೆಟ್ಟ ಮಾತೊಂದು ಬಾಯಿಗೆ ಬಂತು. ಅಪ್ಪ ಇದ್ದರು, ನುಂಗಿಕೊಂಡೆ.

“ಬಾ ಇಲ್ಲೆ, ಕಡ್ಡಿ ಹಿಡಿ,” ಅಂದರು ಅಪ್ಪ.

ಹಿತ್ತಲ ತಗಡಿನ ಕೆಳಗೆ ಇಪ್ಪತ್ತು ಪ್ಲಾಸ್ಟಿಕ್ ಚೀಲ. ಒಂದೊಂದರಲ್ಲೂ ನಾಟಿ ಮಾವಿನ ವಾಟೆಯಿಂದ ಎದ್ದ ಸಸಿ. ಆಪೂಸ್ ಗಿಡದ ಕಡ್ಡಿಗಳನ್ನು ಅಪ್ಪ ಅವತ್ತು ಬೆಳಿಗ್ಗೆ ಕತ್ತರಿಸಿ ತಂದಿದ್ದರು. ಅದಕ್ಕೂ ವಾರದ ಹಿಂದೆಯೇ ತೋಟಕ್ಕೆ ಹೋಗಿ ಆ ಕಡ್ಡಿಗಳ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಟ್ಟು ಬಂದಿದ್ದರಂತೆ. ಹಾಗೆ ಮಾಡಿದರೆ ಕುಡಿಯ ಕಣ್ಣು ಉಬ್ಬುತ್ತದೆ. ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಸೀಳಿನಲ್ಲಿ ಕೂರಿಸಿದರು. ಎರಡರ ತೊಗಟೆ ಒಂದು ಕಡೆಯಾದರೂ ಸರಿಯಾಗಿ ಕೂಡಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಸಣ್ಣ ಚೀಲದ ಟೊಪ್ಪಿಗೆ. ಎರಡು ಮೂರು ವಾರಕ್ಕೆ ಚಿಗುರಿದರೆ ಹಿಡಿಯಿತು ಅಂತ ಲೆಕ್ಕ.

ನಾನು ಕಡ್ಡಿ ಕೊಡುತ್ತಾ, ಪಟ್ಟಿ ಹರಿಯುತ್ತಾ ಕೂತೆ. ಇದು ಕಾಯಿ ಬಿಡುವುದು ಯಾವಾಗ ಅಂತ ಕೇಳಿದೆ. ಹೂವೇನೋ ಬೇಗ ಬಿಡುತ್ತದಂತೆ, ಒಮ್ಮೊಮ್ಮೆ ಮರುವರ್ಷವೇ.

“ಹೂ ಬಿಟ್ಟ್ರ ಕಿತ್ತು ಒಗೀಬೇಕು. ಮೂರು ವರ್ಷ ಹಂಗಽ ಕೀಳಬೇಕು. ಸಣ್ಣ ಗಿಡ ಕಾಯಿ ಹೊತ್ತ್ರ ಬೆಳಿಯೂದು ನಿಲ್ಲತೈತಿ.”

“ಕೈಗೆ ಬಂದದ್ದು ಕೀಳಾಕ ಮನಸ್ ಬರತೈತೇನು?”

“ಬರೂದಿಲ್ಲ. ನಿಮ್ಮವ್ವ ಬಂದ ಮೊದಲನೇ ವರ್ಷ ನಾ ಕೀಳಾಕ ಹೋದ್ರ ಬೈದಿದ್ಲು.”

ಹನ್ನೆರಡು ಸಸಿ ಕಟ್ಟಿದೆವು. ಕೊನೆಯ ಎರಡು ನನ್ನ ಕೈಯಿಂದ ಮಾಡಿಸಿದರು. ನನ್ನವು ನೋಡಲಿಕ್ಕೆ ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿದ್ದವು.

ಕರೆಂಟ್ ಬಂದಾಗ ಎರಡು ಗಂಟೆ. ಆಟ ತೆರೆದರೆ ಬಸಣ್ಣ ಐದು ದಿನದ ಹಿಂದಿನ ಮುಂಜಾನೆಯಲ್ಲಿ ನಿಂತು ತಲೆ ಕೆರೆಯುತ್ತಿದ್ದ. ಮೊದಲು ಉಳಿಸಿದೆ. ಇನ್ನು ಮೇಲೆ ಅವನು ಹಾಸಿಗೆಗೆ ಹೋದಾಗಲೆಲ್ಲ ಉಳಿಸುವುದು ಅಂತ ನಿಯಮ ಮಾಡಿಕೊಂಡೆ. ತೋಟದಲ್ಲಿ ಫಸಲು ಕೊಯ್ಲಿಗೆ ಬಂದಿತ್ತು. ಬೆಳಿಗ್ಗೆ ಇದೇ ಫಸಲನ್ನು ಕೊಯ್ದು ಒಂದೇ ಒತ್ತಿಗೆ ಮಾರಿ, ಬಂದ ದುಡ್ಡಿನಲ್ಲಿ ಒಂದು ಸೋಫಾ ತಂದಿದ್ದೆ. ಸೋಫಾ! ಗಿಡದ ಹುಚ್ಚಿನವನಿಗೆ!

ಈ ಸಲ ಒಂದೂ ಮಾರಲಿಲ್ಲ. ಆಟದಲ್ಲಿ ಚೆನ್ನಾಗಿ ನೋಡಿಕೊಂಡ ಗಿಡ ಒಂದು ಹಂತಕ್ಕೆ ಬಂದಾಗ ಮಿನುಗುತ್ತದೆ. ಆಗ ಅದನ್ನು ಮೇಲಿನ ದರ್ಜೆಗೆ ಏರಿಸಬಹುದು. ಮೇಲಿನ ದರ್ಜೆಯ ಗಿಡದ ಹಣ್ಣನ್ನೇ ಬಿತ್ತಿದರೆ ಹುಟ್ಟುವ ಗಿಡ ಆ ದರ್ಜೆಯಿಂದಲೇ ಶುರುವಾಗುತ್ತದೆ. ಹಾಗಾಗಿ ದರ್ಜೆ ಏರಿಸಿದೆ, ಕೊಯ್ದೆ, ಕೀಳು ದರ್ಜೆಯ ಗಿಡ ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಬಿತ್ತಿದೆ. ದುಡ್ಡಿಲ್ಲದೆ ಬಸಣ್ಣ ನಾಲ್ಕು ದಿನ ಬರೀ ತನ್ನ ತೋಟದ್ದನ್ನೇ ತಿಂದ. ಕರೆಂಟ್ ಬಿಲ್ಲು ಕಟ್ಟಲು ಮನೆಯ ಸಾಮಾನೊಂದನ್ನು ಮಾರಬೇಕಾಯಿತು. ಅಂಗಳದಲ್ಲಿ ಗಿಡಗಳು ಮಾತ್ರ ಒಂದರ ಹಿಂದೆ ಒಂದು ಮಿನುಗುತ್ತಿದ್ದವು. ಬೆಳಿಗ್ಗೆ ಐದು ದಿನ ತಿಂದ ಕೆಲಸ ಮೂರೂವರೆ ದಿನದಲ್ಲಿ ಮುಗಿಯಿತು.

ನಾಲ್ಕು ಗಂಟೆಗೆ ಗದಗಿನಿಂದ ಫೋನ್. “ಮಾಮಾ, ಎಲ್ಲಿ ತನಾ ಬಂತು? ಸೆಟ್ಟಿಂಗ್‌ನಾಗ ಆಯುಷ್ಯ ಉದ್ದ ಅಂತ ಮಾಡಿಬಿಡು, ಆರಾಮ ಆಗ್ತದ.” ಅದಕ್ಕೂ ದಾರಿಯಿದೆ. ಆಯುಷ್ಯ ಗಿಡ್ಡ, ಸಾಮಾನ್ಯ, ಉದ್ದ ಅಂತ ಮೂರು ನಮೂನೆ, ಬೇಕೆಂದರೆ ವಯಸ್ಸೇ ಆಗದ ಹಾಗೆ ನಿಲ್ಲಿಸಲೂಬಹುದು. ನಾನು ಒಪ್ಪಲಿಲ್ಲ. ಬರೀ ಸೊಕ್ಕು, ಇನ್ನೇನಿಲ್ಲ. ಮೊದಲ ಸಲ ಆಡುವವರು ಕಣ್ಣು ಮುಚ್ಚಿ ಉದ್ದ ಮಾಡಿಕೊಳ್ಳಿ, ನಾನೇನೂ ಅನ್ನುವುದಿಲ್ಲ.

ಅಂಕ ಕೂಡಿಸಿ ಔಷಧ ಮಾತ್ರ ತಂದಿಟ್ಟಿದ್ದೆ. ಸಂಜೆ ಹೊತ್ತಿಗೆ ಬಸಣ್ಣನ ನಡುವಯಸ್ಸು ಮುಗಿಯಲು ಎರಡು ದಿನ ಉಳಿದಿತ್ತು, ನಾಲ್ಕನೇ ಮೆಟ್ಟಿಲೂ ಇನ್ನೂ ಸ್ವಲ್ಪ ಉಳಿದಿತ್ತು. ಬಾಟಲಿ ಅವನ ಕಿಸೆಯಲ್ಲೇ ಇರಲಿ, ಕಡೆಯ ದಿನ ನೋಡೋಣ ಅಂತ ಬಿಟ್ಟೆ. ಕಡೆಯ ದಿನ ಬೆಳಿಗ್ಗೆ ಅವನು ಎದ್ದ, ಉಂಡ, ಚದುರಂಗದ ಮುಂದೆ ಕೂತ, ತೋಟಕ್ಕೆ ಇಳಿದ. ಮಧ್ಯಾಹ್ನದ ಹೊತ್ತಿಗೆ ತೆರೆಯ ಮೇಲೆ ಮಿಂಚು ಹಾರಿ, ಗುರಿ ಮುಗಿಯಿತು ಅಂತ ಬಂತು. ಬಾಟಲಿ ಹಾಗೇ ಉಳಿಯಿತು. ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆ.

“ಅಪ್ಪಾ, ಆತು!” ಅಂತ ಕೂಗಿದೆ. ಕೈ ಒರೆಸುತ್ತಾ ಬಂದರು. ಒಂದಷ್ಟು ಹೊತ್ತು ತೆರೆಯನ್ನೇ ನೋಡಿದರು.

“ಇನ್ನ ಏನ್ ಮಾಡ್ತಾನಂವ?”

ಅದನ್ನು ನಾನು ಯೋಚಿಸಿರಲಿಲ್ಲ. ಮುಂದಿನ ಗುರಿಯ ಪಟ್ಟಿ ತೆರೆದಿತ್ತು. ಲೇಖಕನೋ, ಮೀನು ಹಿಡಿಯುವವನೋ ಅಂತ ನೋಡುತ್ತಿದ್ದೆ. ಅಷ್ಟರಲ್ಲಿ ಬಸಣ್ಣ, ನಾನು ಏನೂ ಹೇಳದೆ, ತಾನಾಗಿಯೇ ಹೋಗಿ ಚದುರಂಗದ ಮೇಜಿನ ಮುಂದೆ ಕೂತ.

“ಕುಂದರ್ಲಿ ಬಿಡು ಅಂವಾ,” ಅಂದರು ಅಪ್ಪ. “ರೊಟ್ಟಿ ಆರಾಕತ್ತಾವು. ನೀ ಏಳು.”