ಆ ಫೋನ್ ಯಾರದು?

ಫೋನಿನಲ್ಲಿ, ವಿಡಿಯೊದಲ್ಲಿ ವೈದ್ಯರ ಸಲಹೆ ಪಡೆದವರನ್ನು ಕೇಳುವ ಪ್ರಶ್ನಾವಳಿ ತಿದ್ದುವುದು ನನ್ನ ಕೆಲಸ. ಕರಡು ಯಾರದೇ ಇರಲಿ, ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಸೇವೆ ತೃಪ್ತಿಕರವಾಗಿತ್ತೇ?’ ನಾನು ಅದನ್ನು ಹೊಡೆದುಹಾಕುತ್ತೇನೆ. ಸರ್ಕಾರದವರೇ ಕೇಳುತ್ತಿದ್ದಾರೆ ಎಂದುಕೊಂಡವರು ‘ಚೆನ್ನಾಗಿತ್ತು ಮೇಡಂ’ ಎನ್ನದೆ ಇನ್ನೇನು ಹೇಳಿಯಾರು?

ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಸರ್ಕಾರಿ ಸೇವೆ ಇ-ಸಂಜೀವನಿಯನ್ನೇ ನೋಡಿ. ರೋಗಿ ಮನೆಯಿಂದಲೇ ವೈದ್ಯರನ್ನು ಸಂಪರ್ಕಿಸಬಹುದು. ಇಲ್ಲವೇ ಊರಿನ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯ ಪಕ್ಕ ಕುಳಿತು ಪರದೆಯ ಮೇಲೆ ಕಾಣಬಹುದು. ಹಾಗೆ ಕಂಡುಬಂದ ಅಜ್ಜಿಯನ್ನು ‘ಡಾಕ್ಟರ್ ಹೇಗೆ ನೋಡಿದರು’ ಎಂದು ಕೇಳಿದರೆ, ಬಿ.ಪಿ. ನೋಡಿದ ಹುಡುಗಿಯನ್ನೇ ಹೊಗಳುತ್ತಾಳೆ. ಪರದೆಯಲ್ಲಿದ್ದವರ ನೆನಪೇ ಇರುವುದಿಲ್ಲ.

ನನ್ನ ಮೊದಲ ಪ್ರಶ್ನೆ: ‘ಈ ಫೋನ್ ಯಾರದು, ಎಷ್ಟು ಹೊತ್ತಿಗೆ ನಿಮ್ಮ ಕೈಗೆ ಸಿಗುತ್ತದೆ?’ ಫೋನ್ ಮಗನ ಜೇಬಿನಲ್ಲಿದ್ದರೆ, ಕಳುಹಿಸಿದ ಲಿಂಕ್ ಒತ್ತಿ ತಾಯಿಯ ಮುಟ್ಟಿನ ತೊಂದರೆಗೆ ನಕ್ಷತ್ರ ಕೊಡುವವನೂ ಅವನೇ. ಸೂಕ್ಷ್ಮ ಪ್ರಶ್ನೆಗಳಿಗೆ ‘ಒಂದು’, ‘ಎರಡು’ ಎಂದಷ್ಟೇ ಉತ್ತರಿಸುವ ಏರ್ಪಾಡು ಮಾಡಿದ್ದೇನೆ. ಪಕ್ಕದಲ್ಲಿ ಅತ್ತೆ ಕುಳಿತಿದ್ದರೂ ಏನೂ ತಿಳಿಯುವುದಿಲ್ಲ.

ವರಮಾನವನ್ನು ನೇರವಾಗಿ ಕೇಳಬಾರದು. ರೇಷನ್ ಕಾರ್ಡ್ ರದ್ದಾದೀತೆಂಬ ಹೆದರಿಕೆಯಲ್ಲಿ ಯಾರು ನಿಜ ಹೇಳುತ್ತಾರೆ? ‘ಅಂದಿನ ಕೂಲಿ ತಪ್ಪಿತೇ?’ ಎಂದರೆ ತಟ್ಟನೆ ಉತ್ತರ ಬರುತ್ತದೆ. ಬಸ್ ಖರ್ಚಿನ ಪ್ರಶ್ನೆಯೂ ಹಳತಾಯಿತು: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ‘ಸೊನ್ನೆ’ ಎನ್ನುತ್ತಾರೆ. ಬಸ್ಸಿಗಾಗಿ ಎಷ್ಟು ಹೊತ್ತು ಕಾದಿರಿ ಎಂದು ಕೇಳಿ, ಕಷ್ಟ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆಯವರ ಭಾಗಕ್ಕೆ ನಾನು ಹೆಚ್ಚು ತಲೆಕೆಡಿಸಿಕೊಂಡಿದ್ದೇನೆ. ‘ಅನ್ನ ಕಡಿಮೆ ಮಾಡಿ’ ಎನ್ನುವುದು ವೈದ್ಯರಿಗೆ ಸುಲಭ. ಮನೆಗೆ ಬರುವುದು ಪಡಿತರದ ಅಕ್ಕಿ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಅದು ಎಲ್ಲಿರುತ್ತದೆ? ನೀರು ತುಂಬಿದ ಮಡಕೆಯಲ್ಲೋ, ಪಕ್ಕದ ಮನೆಯ ಫ್ರಿಜ್‌ನಲ್ಲೋ, ಬೇಸಿಗೆಯ ತಗಡಿನ ಸೂರಿನಡಿಯ ಗೂಡಿನಲ್ಲೋ? ಈ ಮೂರನ್ನೂ ಆಯ್ಕೆಗಳಾಗಿ ಕೊಟ್ಟಿದ್ದೇನೆ. ‘ಔಷಧ ಸರಿಯಾಗಿ ತೆಗೆದುಕೊಳ್ಳುತ್ತೀರಾ’ ಎಂಬ ಗದರಿಕೆಯ ಪ್ರಶ್ನೆಗಿಂತ ಇದು ವೈದ್ಯರ ಕೆಲಸಕ್ಕೆ ಬರುತ್ತದೆ.

‘ದುಡ್ಡಿಲ್ಲದೆ ಊಟ ಬಿಟ್ಟ ದಿನ ಇತ್ತೇ?’ ಎಂಬ ಪ್ರಶ್ನೆಗೆ ತಂಡದಲ್ಲಿ ಇನ್ನೂ ಜಗಳ ನಡೆದಿದೆ. ಹೌದೆಂದವರ ವಿಷಯವನ್ನು ಅದೇ ವಾರ ಯಾರಿಗೆ ತಿಳಿಸುತ್ತೇವೆ, ಆಶಾ ಕಾರ್ಯಕರ್ತೆಗೋ ಆಹಾರ ಇಲಾಖೆಯ ಕಚೇರಿಗೋ? ಆ ಖಾನೆ ಭರ್ತಿಯಾಗುವವರೆಗೆ ಪ್ರಶ್ನೆ ಸೇರಿಸಲು ನಾನು ಒಪ್ಪಿಲ್ಲ.