ಅಂಕ 16ರಿಂದ 9ಕ್ಕೆ ಇಳಿದಾಗ ನಾನು ನೋಡದೇ ಬಿಟ್ಟದ್ದು

ಮಂಡಿ ನೋವಿನ ಓಪಿಡಿಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಫೈಲಿಗೆ ಎಕ್ಸ್‌ರೇ ಜೊತೆ ಇನ್ನೊಂದು ಹಾಳೆಯನ್ನೂ ಸೇರಿಸುತ್ತೇವೆ: ಪಿಎಚ್‌ಕ್ಯೂ-9. ಕಳೆದ ಎರಡು ವಾರ ಮನಸ್ಸು, ನಿದ್ದೆ, ಊಟ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು ಅಂತ ಡಾಕ್ಟರಿಗೆ ಹೇಳಬೇಕು.

ಹಾಳೆ ಕೈಗೆ ಕೊಟ್ಟರೆ ತಾವೇ ತುಂಬುವವರು ಕಡಿಮೆ. ಪಕ್ಕದಲ್ಲಿ ಕೂತು ನಾನೇ ಕೇಳುತ್ತೇನೆ. "ಆಸಕ್ತಿ ಕುಂದಿದೆಯೇ?" ಅಂದರೆ ಸುಮ್ಮನೆ ಮುಖ ನೋಡುತ್ತಾರೆ. "ಯಾವುದಕ್ಕೂ ಮನಸ್ಸೇ ಬರ್ತಿಲ್ವಾ ಅಮ್ಮಾ?" ಅಂದರೆ ಎಷ್ಟೋ ಜನರ ಕಣ್ಣು ತುಂಬಿಬಿಡುತ್ತದೆ.

ಈಗ ಹೇಳುತ್ತಿರುವುದು ಅಂಥ ಒಬ್ಬರ ವಿಷಯ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅರವತ್ತು ದಾಟಿದ ಹೆಂಗಸು, ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಎರಡೂ ಮಂಡಿ ಸವೆದಿತ್ತು, ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತಿತ್ತು. ಮೊದಲ ದಿನದ ಅಂಕ 16. ಮೊದಲು ನೋವು ಇಳಿಯಲಿ, ಆಮೇಲೆ ಮತ್ತೆ ನೋಡೋಣ ಅಂತ ಡಾಕ್ಟರು ಅಸೆಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬರೆದರು. ನಾನು ತೊಡೆಯ ಸ್ನಾಯುವಿನ ವ್ಯಾಯಾಮ ಹೇಳಿಕೊಟ್ಟೆ. ಆರು ವಾರ ಬಿಟ್ಟು ಬಂದಾಗ ಅಂಕ 9. ಫೈಲಿನಲ್ಲಿ "ಮನಸ್ಸೂ ಸುಧಾರಿಸಿದೆ" ಅಂತ ಬರೆದೆ. ಬಹಳ ಸಂತೋಷದಿಂದಲೇ ಬರೆದೆ.

ಅದೇ ವಾರ ಜರ್ನಲ್ ಕ್ಲಬ್‌ನಲ್ಲಿ, ಅಂದರೆ ಸಂಶೋಧನಾ ಪ್ರಬಂಧ ಓದಿ ಚರ್ಚಿಸುವ ನಮ್ಮ ಕೂಟದಲ್ಲಿ, ನನ್ನ ಸರದಿ. ನಾನು ಆರಿಸಿಕೊಂಡದ್ದು 2013ರಲ್ಲಿ ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಬಂಧ. ಕೀಲು ಸವೆತದ 1,497 ಜನ, ಐದು ಪ್ರಯೋಗಗಳ ಮಾಹಿತಿ ಒಟ್ಟುಗೂಡಿಸಿದ್ದು, ಒಂದೊಂದೂ ಆರು ವಾರದ್ದು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಅಥವಾ ಸೆಲೆಕಾಕ್ಸಿಬ್ (ಇವೂ ಅಸೆಕ್ಲೋಫೆನಾಕ್‌ನಂತೆ ನೋವು, ಉರಿಯೂತ ಎರಡನ್ನೂ ತಗ್ಗಿಸುವ ಮಾತ್ರೆಗಳು) ತೆಗೆದುಕೊಂಡವರನ್ನು ಹುಸಿ ಮಾತ್ರೆ ನುಂಗಿದವರ ಜೊತೆ ಹೋಲಿಸಿದಾಗ ಪಿಎಚ್‌ಕ್ಯೂ-9 ಅಂಕ ಇಳಿಯುವ ಒಲವು ಕಂಡಿತ್ತು. ಉರಿಯೂತಕ್ಕೂ ಖಿನ್ನತೆಗೂ ನಂಟಿದೆ ಎನ್ನುವ ಸಂಶೋಧನೆ ಅದಕ್ಕೂ ಮೊದಲೇ ನಡೆದಿತ್ತು. 2006ರಲ್ಲಿ ಮ್ಯೂನಿಕ್‌ನಲ್ಲಿ ಖಿನ್ನತೆಯ 40 ರೋಗಿಗಳಿಗೆ ರೆಬಾಕ್ಸಿಟಿನ್ ಎಂಬ ಖಿನ್ನತೆಯ ಔಷಧಿ ಕೊಟ್ಟು, ಅವರಲ್ಲಿ ಅರ್ಧ ಜನರಿಗೆ ಸೆಲೆಕಾಕ್ಸಿಬ್ ಕೂಡ ಸೇರಿಸಿದಾಗ, ಆ ಗುಂಪು ಹೆಚ್ಚು ಚೇತರಿಸಿಕೊಂಡಿತ್ತು. ಇದನ್ನೆಲ್ಲ ಹೇಳಿ, ಕೊನೆಗೆ ನಮ್ಮ ಓಪಿಡಿಯಲ್ಲೇ 16 ಇದ್ದದ್ದು 9 ಆಗಿದೆ ನೋಡಿ ಅಂದೆ.

ಹಿಂದಿನ ಸಾಲಿನಿಂದ ಇಂಟರ್ನ್ ಒಬ್ಬಳು ಕೈ ಎತ್ತಿದಳು. "ಮೇಡಂ, ಇಳಿದದ್ದು ಯಾವ ಯಾವ ಪ್ರಶ್ನೆಯ ಅಂಕ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಗಿದ ಕೂಡಲೇ ಹೋಗಿ ಫೈಲು ತೆಗೆದೆ. ಎರಡು ಹಾಳೆ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ನೋಡಿದೆ. ನಿದ್ದೆ 3 ಇದ್ದದ್ದು 1. ಸುಸ್ತು 3ರಿಂದ 1. ಊಟ, ಗಮನ, ಓಡಾಟದ ನಿಧಾನ, ಮೂರೂ ಸೊನ್ನೆಗೆ ಬಂದಿದ್ದವು. ನೋವು ನೇರವಾಗಿ ಮುಟ್ಟುವ ಈ ಐದು ಪ್ರಶ್ನೆಗಳೇ 10ರಿಂದ 2ಕ್ಕೆ ಇಳಿದಿದ್ದವು. ಮನಸ್ಸು ಬಾರದಿರುವುದು, ದುಃಖ, ತನ್ನ ಮೇಲೆ ತನಗೇ ಬೇಸರ, ಈ ಮೂರೂ ಇದ್ದಲ್ಲೇ ಇದ್ದವು, ತಲಾ 2. ಒಂಬತ್ತನೆಯದು, ಬದುಕಿರುವುದಕ್ಕಿಂತ ಹೋದರೇ ಮೇಲು ಅನಿಸುತ್ತದೆಯೇ ಎಂಬ ಪ್ರಶ್ನೆ, ಮೊದಲ ದಿನ 0 ಇತ್ತು. ಈಗ 1. ಆ ಗುರುತು ಹಾಕಿದ್ದು ನನ್ನದೇ ಪೆನ್ನು. ಒಟ್ಟು 10ರೊಳಗೆ ಬಂತಲ್ಲ ಅಂತ ನಾನು ಅಲ್ಲಿ ನಿಲ್ಲಲೇ ಇಲ್ಲ. ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಎಷ್ಟೇ ಇರಲಿ, ಆಗಲೇ ಕೂತು ಮಾತಾಡಿಸಿ ಡಾಕ್ಟರಿಗೆ ಹೇಳಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಮಗನಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಕರೆತಂದರು. ಬಾಗಿಲು ಮುಂದೆ ಮಾಡಿ, ಹಾಳೆ ಪಕ್ಕಕ್ಕಿಟ್ಟು ಕೇಳಿದೆ. ಆಕೆ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ನೋವಿದ್ದಾಗ ಎಲ್ಲೂ ಹೋಗಕ್ಕಾಗಲ್ಲ ಅಂತ ಸುಮ್ನಿರ್ತಿದ್ದೆ ಕಣಮ್ಮ. ಈಗ ನಡೀಬೋದು. ಆದ್ರೆ ಎಲ್ಲಿಗೆ ಹೋಗ್ಲಿ?"

ಅವತ್ತೇ ಮನೋವೈದ್ಯರು ನೋಡಿದರು. ಖಿನ್ನತೆಗೆ ಸರ್ಟ್ರಲಿನ್ ಶುರುವಾಯಿತು, ನೋವಿನ ಮಾತ್ರೆ ನಿಂತು ಮಂಡಿಗೆ ಹಚ್ಚುವ ಜೆಲ್ ಬಂತು. ಇದನ್ನು ಓದುವ ಸಹೋದ್ಯೋಗಿಗಳು ಗಮನಿಸಬೇಕು: ಸರ್ಟ್ರಲಿನ್‌ನಂಥ ಮಾತ್ರೆಯ ಜೊತೆ ಈ ನೋವಿನ ಮಾತ್ರೆಗಳೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೆಡಿಕಲ್ ಶಾಪ್‌ನಿಂದ ತಾವೇ ತಂದು ನುಂಗುವ ಸ್ಟ್ರಿಪ್ ಬಗ್ಗೆಯೂ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ. ಫೈಲಿನ ರಟ್ಟಿನ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪಗೆ ಬರೆದುಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು.

ಆ ಪ್ರಬಂಧ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನೋವು ಇಳಿದು ನಿದ್ದೆ ಬಂದರೆ ಮನಸ್ಸಿನ ಭಾರವೂ ಇಳಿಯುವುದನ್ನು ದಿನಾ ನೋಡುತ್ತೇನೆ. ಆದರೆ ಒಟ್ಟು ಅಂಕ ಒಂದನ್ನೇ ಹಿಡಿದುಕೊಂಡರೆ ಇಳಿದದ್ದು ನೋವೋ ಖಿನ್ನತೆಯೋ ತಿಳಿಯುವುದಿಲ್ಲ. ಎಲ್ಲರ ಖಿನ್ನತೆಯ ಬೇರೂ ಉರಿಯೂತದಲ್ಲಿಲ್ಲ ಎನ್ನುವುದಕ್ಕೂ ಪುರಾವೆ ಇದೆ. 2013ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು, ಬೇರೆ ಔಷಧಿಗೆ ಬಗ್ಗದ ಖಿನ್ನತೆಯ 60 ಜನರ ಮೇಲೆ ಉರಿಯೂತ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಪ್ರಯೋಗಿಸಿದರು. ಒಟ್ಟಾರೆ ನೋಡಿದರೆ ಹುಸಿ ಔಷಧಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದರೆ ಏರುವ ಪ್ರೋಟೀನ್) ಲೀಟರಿಗೆ 5 ಮಿಲಿಗ್ರಾಂ ಮೀರಿದವರಲ್ಲಿ ಮಾತ್ರ ಗುಣ ಕಾಣುವ ಸೂಚನೆ ಸಿಕ್ಕಿತು. ವಯಸ್ಸಾದ 19,114 ಜನರ ಆಸ್ಪ್ರೀ ಪ್ರಯೋಗದಲ್ಲಿ ಉರಿಯೂತ ತಗ್ಗಿಸುವ ಗುಣವಿರುವ ಆಸ್ಪಿರಿನ್, ದಿನಕ್ಕೆ 100 ಮಿಲಿಗ್ರಾಂ ಕೊಟ್ಟರೂ, ಖಿನ್ನತೆಯನ್ನು ತಡೆಯಲಿಲ್ಲ. ಅದು 2020ರಲ್ಲಿ ಪ್ರಕಟವಾಯಿತು.

ಈಗ ನಾನು ಹಾಳೆಯ ಅಂಚಿನಲ್ಲಿ ಎರಡು ಮೊತ್ತ ಬರೆಯುತ್ತೇನೆ, ಆ ಐದರದ್ದು ಒಂದು, ಉಳಿದ ನಾಲ್ಕರದ್ದು ಇನ್ನೊಂದು. ಇದು ಯಾವ ಪುಸ್ತಕದ ವಿಧಾನವೂ ಅಲ್ಲ, ನನ್ನ ಕಣ್ಣು ಜಾರದಿರಲಿ ಅಂತ ಮಾಡಿಕೊಂಡದ್ದು. ಒಂಬತ್ತನೆಯದನ್ನು ಎಲ್ಲಕ್ಕಿಂತ ಮೊದಲು ಓದುತ್ತೇನೆ.

ಮೊನ್ನೆ ಆಕೆ ಬಂದಿದ್ದರು. ಒಂಬತ್ತನೆಯದು 0. ಮನಸ್ಸು ಬರ್ತಿದೆಯಾ ಅಂತ ಕೇಳಿದೆ. ಪಕ್ಕದ ಮನೆಯವರ ಜೊತೆ ಸೇರಿ ಹಪ್ಪಳ ಲಟ್ಟಿಸಿದರಂತೆ, ನಾನು ಹೇಳಿದ ಹಾಗೆ ನೆಲದ ಮೇಲೆ ಕೂರದೆ, ಕುರ್ಚಿ ಹಾಕಿಕೊಂಡು. ಇದಕ್ಕೆ ಎಷ್ಟು ಹಾಕಲಿ ಅಂತ ಯೋಚಿಸುತ್ತಿದ್ದಾಗ ಅವರೇ ಹಾಳೆಯತ್ತ ಬಗ್ಗಿ, "ಇನ್ನೂ ಪೂರ್ತಿ ಇಲ್ಲ, 1 ಅಂತ ಹಾಕು" ಅಂದರು.